ಸಾಲ ಮಾಡಿ ಸರ್ಟಿಫಿಕೇಟು ಬೇಡ

ಮಕ್ಕಳೇ, ಬಿಸಿಎ, ಬಿಎಸ್ಸಿ, ಡಿಪ್ಲೊಮಾ ಮುಗಿಸಿದ ನಮ್ಮ ದೊಡ್ಡಮಳೂರಿನ ಹುಡುಗ ಹುಡುಗಿಯರು ಹಲವರು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಹೋಗಬೇಕೆಂದಿದ್ದೀರಿ. ಸಂತೋಷ. ಆದರೆ ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಯಾವ ಇನ್‌ಸ್ಟಿಟ್ಯೂಟ್ ಸೇರಲಿ?" ಅಪ್ಪ ರೇಷ್ಮೆಗೂಡು ಮಾರಿ ತಂದ ದುಡ್ಡನ್ನೋ ಅಮ್ಮ ಸಂಘದಲ್ಲಿ ಎತ್ತಿದ ಸಾಲವನ್ನೋ ಬೆಂಗಳೂರಿನ ಯಾವುದೋ ಕೌಂಟರಿನಲ್ಲಿ ಕಟ್ಟುವ ಮುಂಚೆ ನನ್ನ ಮಾತು ಸ್ವಲ್ಪ ಕೇಳಿ.

ಹೊಸಬರಿಗೆ ಒಂದೇ ಸರ್ಟಿಫಿಕೇಟು ಸಾಕು, ಐಎಸ್‌ಟಿಕ್ಯೂಬಿಯ ಫೌಂಡೇಶನ್ ಲೆವೆಲ್. ಐಎಸ್‌ಟಿಕ್ಯೂಬಿ 2002ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಸ್ಥೆ. ಭಾರತದಲ್ಲಿ ಅದರ ಪರವಾಗಿರುವುದು ಇಂಡಿಯನ್ ಟೆಸ್ಟಿಂಗ್ ಬೋರ್ಡ್. 60 ನಿಮಿಷ, 40 ಪ್ರಶ್ನೆ, 26 ಸರಿಯಾದರೆ ಪಾಸು. ತರಗತಿಗೆ ಸೇರಿರಲೇಬೇಕೆಂಬ ನಿಯಮವಿಲ್ಲ. 2023ರಲ್ಲಿ ಬಂದ 4.0 ಪಠ್ಯಕ್ರಮವೂ ಮಾದರಿ ಪ್ರಶ್ನೆಪತ್ರಿಕೆಗಳೂ ಸಂಸ್ಥೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಒಮ್ಮೆ ಪಾಸಾದರೆ ಮತ್ತೆ ನವೀಕರಿಸುವ ಗೋಜಿಲ್ಲ. ಪರೀಕ್ಷಾ ಶುಲ್ಕ ಬಿಟ್ಟರೆ ಬೇರೆ ಖರ್ಚು ಬೇಕಿಲ್ಲ. ಅಡ್ವಾನ್ಸ್ಡ್ ಲೆವೆಲ್ಲಿಗೆ ಫೌಂಡೇಶನ್ ಜೊತೆಗೆ ಕೆಲಸದ ಅನುಭವವೂ ಬೇಕು, ಹಾಗಾಗಿ ಅದರ ಮಾತು ಈಗ ಬೇಡ.

ಆದರೆ ಸರ್ಟಿಫಿಕೇಟು ಇದ್ದ ಮಾತ್ರಕ್ಕೆ ಯಾರೂ ಕೆಲಸ ಕೊಡುವುದಿಲ್ಲ. ಇಂಟರ್‌ವ್ಯೂನಲ್ಲಿ ಒಂದು ಫಾರಂ ಮುಂದಿಟ್ಟು "ಇದನ್ನು ಪರೀಕ್ಷಿಸು" ಅಂದುಬಿಡುತ್ತಾರೆ. ವಯಸ್ಸು 18ರಿಂದ 60 ಎಂದಿದ್ದರೆ 17, 18, 60, 61 ಹಾಕಿ ನೋಡಬೇಕೆಂದು ಪುಸ್ತಕ ಓದಿದವರೆಲ್ಲ ಹೇಳುತ್ತಾರೆ. ಅಲ್ಲಿಗೇ ನಿಲ್ಲಬೇಡಿ. ಊರಿನ ಹೆಸರು ಬರೆಯುವ ಜಾಗದಲ್ಲಿ ಕನ್ನಡದಲ್ಲೇ "ದೊಡ್ಡಮಳೂರು" ಎಂದು ಟೈಪ್ ಮಾಡಿ. ನಮ್ಮ ಕಣ್ಣಿಗೆ ಕಾಣುವುದು ಐದು ಅಕ್ಷರ. ಯೂನಿಕೋಡಿನಲ್ಲಿ ಸ್ವರಚಿಹ್ನೆ, ಹಲಂತ ಚಿಹ್ನೆ ಎಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬಂದು ಅದು 10 ಆಗುತ್ತದೆ; ಯುಟಿಎಫ್-8ರಲ್ಲಿ ಉಳಿಸಿದರೆ 30 ಬೈಟ್. ಆ ಜಾಗಕ್ಕೆ ಎಂಟರ ಮಿತಿ ಇಟ್ಟಿದ್ದರೆ ನಮ್ಮೂರು "ದೊಡ್ಡಮಳೂ" ಆಗಿ ಉಳಿಯುತ್ತದೆ. ಹುಡುಕುವಾಗ "ದೊಡ್ಡ ಮಳೂರು" ಎಂದು ಬಿಡಿಸಿ ಬರೆದರೆ ಸಿಗುತ್ತದೆಯೇ? ಇಂಗ್ಲಿಷಿನಲ್ಲಿ ಒಂದು ಎಲ್ ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ, ಅದಕ್ಕೆ ಸಾಫ್ಟ್‌ವೇರ್ ಏನು ಮಾಡುತ್ತದೆ? ಪಹಣಿ, ಪಡಿತರ ಚೀಟಿ, ಬ್ಯಾಂಕ್ ಆ್ಯಪ್ ಎಲ್ಲವೂ ಕನ್ನಡದಲ್ಲಿ ನಡೆಯಬೇಕಾದ ಕಾಲ ಇದು. ಇಂಥ ತಪ್ಪು ಕನ್ನಡ ಬಲ್ಲವರ ಕಣ್ಣಿಗೆ ಬೀಳುವಷ್ಟು ಬೇಗ ಬೇರೆಯವರಿಗೆ ಬೀಳುವುದಿಲ್ಲ. ನಿಮ್ಮ ಕನ್ನಡವನ್ನು ಕೊರತೆ ಎಂದು ಎಣಿಸಬೇಡಿ.

ಕಂಡ ತಪ್ಪನ್ನು ಬರೆದಿಡುವುದನ್ನೂ ರೂಢಿಸಿಕೊಳ್ಳಿ: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಅದನ್ನು ಓದಿದ ಡೆವಲಪರ್ ಮತ್ತೆ ನಿಮ್ಮನ್ನು ಕೇಳದೆ ಅದೇ ತಪ್ಪನ್ನು ತಾನೂ ಕಾಣುವಂತಿರಬೇಕು. ಇಂಥ ಹತ್ತು ಒಳ್ಳೆಯ ವರದಿಗಳು ಕೈಯಲ್ಲಿದ್ದರೆ ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಕೂರಬಹುದು.

ಉಳಿದ ಸಾಧನಗಳಿಗೂ ಲಕ್ಷಗಟ್ಟಲೆ ಸುರಿಯಬೇಕಿಲ್ಲ. 2004ರಲ್ಲಿ ಹುಟ್ಟಿದ, ವೆಬ್ ಪರೀಕ್ಷೆಯ ಸಾಧನವಾದ ಸೆಲೆನಿಯಂ ಇಂದಿಗೂ ಉಚಿತ. ಬೆಂಗಳೂರಿನಲ್ಲೇ ಶುರುವಾದ ಪೋಸ್ಟ್‌ಮನ್ ಎಪಿಐ ಪರೀಕ್ಷೆ ಕಲಿಯಲು ಸಾಕು. ಎಸ್‌ಕ್ಯೂಎಲ್ ಮಾತ್ರ ಬಿಡಬೇಡಿ. ಎನ್‌ಪಿಟಿಇಎಲ್‌ನಲ್ಲಿ ಐಐಐಟಿ ಬೆಂಗಳೂರಿನ ಪ್ರೊ. ಮೀನಾಕ್ಷಿ ಡಿಸೋಜಾ ಅವರ ಸಾಫ್ಟ್‌ವೇರ್ ಟೆಸ್ಟಿಂಗ್ ಪಾಠಗಳಿವೆ, ನೋಡಲು ದುಡ್ಡಿಲ್ಲ. ಪಕ್ಕದ ಚನ್ನಪಟ್ಟಣದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಆ ಹೊತ್ತೇ ಓದಿನ ಹೊತ್ತು. ಒಬ್ಬರೇ ಕೂತು ಓದಲು ಆಗದವರು ಇನ್‌ಸ್ಟಿಟ್ಯೂಟಿಗೆ ಸೇರುವುದು ತಪ್ಪಲ್ಲ. ಎರಡು ದಿನ ತರಗತಿಯಲ್ಲಿ ಕೂರಲು ಬಿಡಿ ಎಂದು ಕೇಳಿ, ಬಿಡದಿದ್ದರೆ ಎದ್ದು ಬನ್ನಿ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎನ್ನುವವರ ಮಾತು ನಂಬಬೇಡಿ.

ಇನ್ನೊಂದು ವಿಷಯ, ಇದನ್ನು ಕೈಮುಗಿದು ಹೇಳುತ್ತೇನೆ. "ಮೂರು ವರ್ಷ ಅನುಭವ ಇದೆಯೆಂದು ಪತ್ರ ಮಾಡಿಕೊಡುತ್ತೇವೆ" ಎಂದು ಯಾರಾದರೂ ಅಂದರೆ ಆ ಬಾಗಿಲಿಗೆ ಮತ್ತೆ ಹೋಗಬೇಡಿ. ಕಂಪನಿಗಳು ಪಿಎಫ್ ದಾಖಲೆಯನ್ನೂ ತಾಳೆ ನೋಡುತ್ತವೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಹೆಸರೂ ಕೆಡುತ್ತದೆ. ಸಿಕ್ಕಿಬೀಳದಿದ್ದರೂ ಬಾರದ ಕೆಲಸವನ್ನು ಬರುತ್ತದೆಂದು ನಟಿಸಿಕೊಂಡು ದಿನ ದೂಡುವುದು ನರಕ. ಸಂಬಳ ಕಡಿಮೆಯಾದರೂ ಫ್ರೆಶರ್ ಎಂದೇ ಹೇಳಿ ಸೇರಿಕೊಳ್ಳಿ.

ಈ ಭಾನುವಾರವೇ ಪಠ್ಯಕ್ರಮ ಇಳಿಸಿಕೊಂಡು ಮೊದಲ ಅಧ್ಯಾಯ ಓದಿ. ದುಡ್ಡು ಕಟ್ಟುವ ಮಾತು ಬಂದರೆ, ಅದೇ ಕೆಲಸದಲ್ಲಿರುವ ನಮ್ಮ ಕಡೆಯವರೊಬ್ಬರನ್ನು ಕೇಳಿ ಆಮೇಲೆ ಕಟ್ಟಿ.