ಕಿಟಕಿಯಿಲ್ಲದ ಕೋಣೆಗೆ ಹೊರಟ ಅಳಿಯನಿಗೆ

ನಿನ್ನಮ್ಮ ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. ಕ್ರೂಸ್ ಹಡಗಿನಲ್ಲಿ ಅಸಿಸ್ಟೆಂಟ್ ವೇಟರ್ ಕೆಲಸವಂತೆ, ಮಯಾಮಿಯಲ್ಲಿ ಹಡಗು ಹತ್ತುವುದಂತೆ, ಏಜೆಂಟನಿಗೆ ಎರಡು ಲಕ್ಷ ಕೊಡಬೇಕಂತೆ. ಬಳೆ ಅಡವಿಡಲೋ ಬೇಡವೋ ಎಂದು ಕೇಳಿದಳು. ಬಳೆ ಕೈಯಲ್ಲೇ ಇರಲಿ ಎಂದೆ. ಉಳಿದದ್ದನ್ನು ನಿನಗೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ‘ಹ್ಞೂಂ ಮಾವ, ಹ್ಞೂಂ ಮಾವ’ ಎಂದು ಮುಗಿಸಿಬಿಡುತ್ತಿ.

ಮೊದಲು ಆ ಎರಡು ಲಕ್ಷದ ವಿಷಯ. ಹಡಗಿನಲ್ಲಿ ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರನಿಂದ ಒಂದು ರೂಪಾಯಿಯನ್ನೂ ಪಡೆಯಬಾರದು ಎನ್ನುತ್ತದೆ 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿದೆ. ಪಾಸ್‌ಪೋರ್ಟು, ಸಿಡಿಸಿ ಎನ್ನುವ ನಾವಿಕರ ಪುಸ್ತಕ, ಮೆಡಿಕಲ್ ಇವು ನಿನ್ನ ಖರ್ಚು. ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಕಲಿಸುವ ಬೇಸಿಕ್ ಕೋರ್ಸಿನ ಫೀಸನ್ನೂ ಸಾಮಾನ್ಯವಾಗಿ ನಾವೇ ಕಟ್ಟುವುದು. ವೀಸಾದ ಹಣ ಹಡಗಿನ ಮಾಲೀಕನದ್ದು. ಏಜೆಂಟನಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು. ಅದರ ನಂಬರನ್ನು ಅವರ ವೆಬ್‌ಸೈಟಿನಲ್ಲೇ ತಾಳೆ ನೋಡಬಹುದು. ‘ಸರ್ವಿಸ್ ಚಾರ್ಜ್’ ಎಂದೋ ‘ಪ್ರೊಸೆಸಿಂಗ್’ ಎಂದೋ ಹೆಸರು ಬದಲಿಸಿ ಕೇಳಿದರೂ ಅದು ಅದೇ ಹಣ. ನಾನೂ ಕೊಟ್ಟವನೇ ಮಾರಾಯ. ಮೊದಲ ಕಾಂಟ್ರಾಕ್ಟಿನ ಐದು ತಿಂಗಳು ಆ ಸಾಲಕ್ಕೇ ದುಡಿದೆ.

ಇನ್ನು ಹಡಗು. ನೀನು ವಿಡಿಯೋದಲ್ಲಿ ನೋಡಿದ ಹಡಗಿಗೂ ನೀನು ಇರಬೇಕಾದ ಹಡಗಿಗೂ ನಡುವೆ ‘ಕ್ರೂ ಓನ್ಲಿ’ ಎಂದು ಬರೆದ ಒಂದು ಬಾಗಿಲು ಉಂಟು. ಆಚೆ ಕಾರ್ಪೆಟ್ಟು, ಪಿಯಾನೋ. ಈಚೆ ಹಡಗಿನ ಮೂತಿಯಿಂದ ಬಾಲದವರೆಗೆ ಒಂದೇ ಉದ್ದದ ಓಣಿ. ಅಮೆರಿಕದ ಹೆದ್ದಾರಿಯ ಹೆಸರಿಟ್ಟು ಅದನ್ನು ಐ-95 ಎನ್ನುತ್ತಾರೆ. ತರಕಾರಿಯ ಪ್ಯಾಲೆಟ್ಟು, ಒಗೆಯುವ ಬಟ್ಟೆಯ ರಾಶಿ, ಡ್ಯೂಟಿಗೆ ಓಡುವವರು, ಮುಗಿಸಿ ಕಾಲೆಳೆಯುವವರು ಎಲ್ಲ ಅಲ್ಲೇ. 2024ರಲ್ಲಿ ಓಡಾಟ ಶುರುಮಾಡಿದ ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ ಸಿಬ್ಬಂದಿಯೇ ಸುಮಾರು 2,350 ಮಂದಿ. ನಮ್ಮ ಕಡೆಯ ಒಂದು ಸಣ್ಣ ಗ್ರಾಮ ಪೂರ್ತಿ ಟ್ರೇ ಹಿಡಿದು ನಿಂತ ಹಾಗೆ.

ನಿನ್ನ ಕೋಣೆ ನೀರಿನ ಮಟ್ಟದ ಆಸುಪಾಸಿನಲ್ಲಿ, ಹೆಚ್ಚಾಗಿ ಇಬ್ಬರಿಗೆ ಒಂದು. ಮೇಲೊಂದು ಕೆಳಗೊಂದು ಬಂಕು. ಕಿಟಕಿ ಇಲ್ಲ. ಲೈಟ್ ಆರಿಸಿದರೆ ನಡುಮಧ್ಯಾಹ್ನವೂ ಅಮಾವಾಸ್ಯೆ. ಪರದೆ ಎಳೆದುಕೊಂಡವನನ್ನು ಮಾತಾಡಿಸಬಾರದು ಎಂಬುದು ಯಾರೂ ಬರೆದಿಡದ ಕಾನೂನು. ಆ ಪರದೆಯ ಒಳಗಿನ ಜಾಗ ಮಾತ್ರ ನಿನ್ನ ಸ್ವಂತದ್ದು. 2020ರ ಫೆಬ್ರವರಿಯಲ್ಲಿ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೋನಾದಿಂದ ತಡೆದು ನಿಲ್ಲಿಸಿದಾಗ ಪ್ರಯಾಣಿಕರು ತಮ್ಮ ತಮ್ಮ ಕೋಣೆಯೊಳಗೆ ಇದ್ದರು. ಸಿಬ್ಬಂದಿ ಮಾತ್ರ ಇಬ್ಬಿಬ್ಬರು ಒಂದೇ ಕೋಣೆಯಲ್ಲಿ ಮಲಗಿ, ಎದ್ದು, ಅವರಿಗೆ ಊಟ ಹೊತ್ತರು. ಅದರಲ್ಲಿ ನಮ್ಮ ದೇಶದವರೇ 132 ಮಂದಿ. ಆ ಸುದ್ದಿ ಟಿವಿಯಲ್ಲಿ ಬಂದಾಗ ನಾನು ಎದ್ದು ಅಂಗಳಕ್ಕೆ ಹೋದೆ.

ಕೆಲಸ ಕಷ್ಟವಾ ಎಂದು ಕೇಳುತ್ತಿ. ಕೆಲಸ ಹೋಟೆಲಿನದ್ದೇ, ನಿನಗೆ ಬರುತ್ತದೆ. ಕಷ್ಟ ಇರುವುದು ರಜೆ ಇಲ್ಲದ್ದರಲ್ಲಿ. ಏಳೆಂಟು ತಿಂಗಳು ಒಂದೂ ಭಾನುವಾರ ಇಲ್ಲ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ರಾತ್ರಿ ಎರಡು ಪಂಕ್ತಿ, ನಡುನಡುವೆ ಒಂದೆರಡು ಗಂಟೆ ಬಿಡುವು. ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು, ಅದನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಂದು ತುಂಡು 6 ಗಂಟೆಗೆ ಕಡಿಮೆ ಇರಬಾರದು ಎಂದು ನಿಯಮ. ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ನಿನ್ನ ಗಂಟೆಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ನೀನೇ ಬರೆದಿಡು, ಮಾಡಿದ ಕೆಲಸವನ್ನು ವಿಶ್ರಾಂತಿ ಎಂದು ಬರೆದ ಹಾಳೆಗೆ ಸಹಿ ಹಾಕಬೇಡ. ಹಡಗು ಮೂಲ ಬಂದರಿಗೆ ಬಂದ ದಿನ ಬೆಳಿಗ್ಗೆ ಮೂರು ಸಾವಿರ ಜನ ಇಳಿಯುತ್ತಾರೆ, ಮಧ್ಯಾಹ್ನಕ್ಕೆ ಹೊಸ ಮೂರು ಸಾವಿರ ಹತ್ತುತ್ತಾರೆ. ಅವರಿಗೆ ಅದು ರಜೆಯ ಮೊದಲ ಸಂಜೆ, ನಿನಗೆ ಮೂವತ್ತನೆಯ ಶನಿವಾರ. ಎರಡೂ ಒಂದೇ ಮೇಜಿನಲ್ಲಿ ಎದುರಾಗುತ್ತವೆ, ನಗಬೇಕಾದವನು ನೀನು.

ಡ್ರಿಲ್ಲನ್ನು ಹಗುರ ಮಾಡಬೇಡ. ಏಳು ಸಣ್ಣ ಸದ್ದು, ಒಂದು ಉದ್ದದ ಸದ್ದು. ಅದು ಕೇಳಿದ ಕೂಡಲೇ ನೀನು ವೇಟರ್ ಅಲ್ಲ. ಜನರಿಗೆ ಲೈಫ್ ಜಾಕೆಟ್ ಕಟ್ಟಿ ದೋಣಿಯ ಹತ್ತಿರ ನಿಲ್ಲಿಸುವವನು. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾನ್‌ಕಾರ್ಡಿಯಾ ಬಂಡೆಗೆ ತಾಗಿ ಮಗುಚಿ 32 ಜನ ಸತ್ತರು. ಅವರಲ್ಲಿ ಮುಂಬಯಿಯ ಒಬ್ಬ ವೇಟರ್ ಕೂಡ. ಅವನ ಅವಶೇಷ ಸಿಕ್ಕಿದ್ದು ಎಲ್ಲರಿಗಿಂತ ಕೊನೆಗೆ, 2014ರ ನವೆಂಬರಿನಲ್ಲಿ.

ಮತ್ತೆ ಯುಎಸ್‌ಪಿಎಚ್. ಅಮೆರಿಕದ ಆರೋಗ್ಯ ಇಲಾಖೆಯವರು ಮುನ್ಸೂಚನೆ ಇಲ್ಲದೆ ಹತ್ತಿ ಅಡಿಗೆಮನೆ ತಪಾಸಣೆ ಮಾಡಿ ನೂರಕ್ಕೆ ಅಂಕ ಹಾಕುತ್ತಾರೆ. 85 ಬಂದರೂ ಫೇಲು. ಕ್ಯಾಪ್ಟನ್‌ಗೆ ಹೆದರದವರೂ ಇದಕ್ಕೆ ಹೆದರುತ್ತಾರೆ. ವಾಂತಿಭೇದಿ ತರುವ ನೊರೋವೈರಸ್ ಸ್ಯಾನಿಟೈಸರಿಗೆ ಬಗ್ಗುವುದಿಲ್ಲ, ಸೋಪು ಹಾಕಿ ಕೈ ತೊಳೆ. ನಾನು ಇವತ್ತಿಗೂ ಫ್ರಿಜ್ ತೆರೆದರೆ ಹಸಿ ಮೀನು ಯಾವ ಶೆಲ್ಫಿನಲ್ಲಿ ಉಂಟು ಎಂದು ನೋಡುತ್ತೇನೆ, ನಿನ್ನತ್ತೆ ಬೈಯುತ್ತಾಳೆ.

ಊರು ನೋಡುವ ಆಸೆ ಇದ್ದರೆ ಒಂದು ಕಥೆ ಕೇಳು. ಒಂದು ಚಳಿಗಾಲ ನಮ್ಮ ಹಡಗು ಮುಂಬಯಿ, ಗೋವಾ ಮುಗಿಸಿ ನವಮಂಗಳೂರು ಬಂದರಿಗೆ ಬಂತು. ನಿನ್ನಜ್ಜಿ ಕೋರಿರೊಟ್ಟಿ ಕಟ್ಟಿಕೊಂಡು ಪಣಂಬೂರಿನ ಗೇಟಿನ ಹೊರಗೆ ಬಂದು ನಿಂತಿದ್ದಳು. ಬಂದರಿನಲ್ಲಿದ್ದಾಗಲೂ ತುರ್ತಿಗೆಂದು ಸಿಬ್ಬಂದಿಯ ಒಂದು ಪಾಲು ಹಡಗಿನಲ್ಲೇ ಉಳಿಯಬೇಕು, ಐಪಿಎಂ ಎನ್ನುತ್ತಾರೆ. ಆ ದಿನದ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಬದಲಿಗೆ ಯಾರೂ ಸಿಗಲಿಲ್ಲ. ಹೊರಗಿನ ಅಡಿಗೆ ಒಳಗೆ ಬರುವ ಹಾಗಿಲ್ಲ. ನಾನು ಹಿಂದಿನ ಡೆಕ್ಕಿನಿಂದ ತೆಂಗಿನ ಮರಗಳನ್ನು ನೋಡಿದೆ, ಅವಳು ಗೇಟನ್ನು ನೋಡಿದಳು. ಬುತ್ತಿಯನ್ನು ಕೊನೆಗೆ ಒಬ್ಬ ರಿಕ್ಷಾದವನಿಗೆ ಕೊಟ್ಟು ಬಂದಳಂತೆ. ರಾತ್ರಿ ನನ್ನ ಮೇಜಿನಲ್ಲಿದ್ದ ಒಬ್ಬ ಅಮೆರಿಕನ್ ಹೆಂಗಸು ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಫೋಟೋ ತೋರಿಸಿ, ಅದರ ಕಂಬಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಎಂದು ನನಗೆ ವಿವರಿಸಿದಳು. ‘ವಂಡರ್‌ಫುಲ್ ಮೇಡಂ’ ಎಂದೆ. ಸೂಪಿನ ತಟ್ಟೆ ತೆಗೆದೆ.

ಹೋಗಬೇಡ ಎನ್ನುತ್ತಿಲ್ಲ. ಊಟ, ವಸತಿ ಹಡಗಿನದ್ದೇ, ಟಿಪ್ಸೂ ಸೇರಿದರೆ ಊರಿನ ಹೋಟೆಲಿನಲ್ಲಿ ಸಿಗದ ಹಣ ಉಳಿಯುತ್ತದೆ, ಕ್ರೂ ಬಾರಿನಲ್ಲಿ ಕರಗಿಸದಿದ್ದರೆ. ಆದರೆ ಎರಡು ಕಾಂಟ್ರಾಕ್ಟಿನ ನಡುವೆ ಮನೆಯಲ್ಲಿ ಕೂತ ತಿಂಗಳುಗಳಿಗೆ ನಮ್ಮಂಥವರಿಗೆ ಸಂಬಳ ಇಲ್ಲ. ಗಳಿಸಿದ್ದನ್ನೇ ತಿನ್ನುವುದು, ತಿಂದು ಮುಗಿದಾಗ ಮತ್ತೆ ಹೊರಡುವುದು. ಹಡಗಿನವರು ವಯಸ್ಸನ್ನು ವರ್ಷದಲ್ಲಿ ಹೇಳುವುದಿಲ್ಲ, ಕಾಂಟ್ರಾಕ್ಟಿನಲ್ಲಿ ಹೇಳುತ್ತಾರೆ. ನನ್ನದು ಹದಿನಾಲ್ಕು. ಹೆಂಚಿನ ಮನೆಗೆ ತಾರಸಿ ಹಾಕಿಸಬೇಕೆಂದು ಹೋದದ್ದು, ತಾರಸಿ ನಾಲ್ಕನೆಯದ್ದರಲ್ಲೇ ಮುಗಿದಿತ್ತು. ಆಮೇಲಿನ ಹತ್ತು ಯಾಕೆ ಮಾಡಿದೆ ಎಂದು ನಿನ್ನತ್ತೆ ಕೇಳಿದರೆ ನನ್ನಲ್ಲಿ ಈಗಲೂ ಉತ್ತರ ಇಲ್ಲ.

ಆದ್ದರಿಂದ ಯಾವುದಕ್ಕೆ ಹೋಗುತ್ತಿ, ಅದಕ್ಕೆ ಎಷ್ಟು ಹಣ ಬೇಕು, ಎಷ್ಟು ಕಾಂಟ್ರಾಕ್ಟು ಎಂದು ಒಂದು ಚೀಟಿಯಲ್ಲಿ ಬರೆ. ಚೀಟಿ ನನ್ನ ಹತ್ತಿರ ಇರಲಿ. ಭಾನುವಾರ ಏಜೆಂಟ್ ಕೊಟ್ಟ ಕಾಗದಗಳನ್ನೆಲ್ಲ ಹಿಡಿದುಕೊಂಡು ಬಾ, ಲೈಸೆನ್ಸ್ ನಂಬರ್ ಒಟ್ಟಿಗೆ ನೋಡುವ. ಅಡಿ ಜಾರದ ಕಪ್ಪು ಶೂ ಒಂದು ಜೊತೆ ನನ್ನ ಅಟ್ಟದಲ್ಲಿ ಉಂಟು, ಎಂಟು ನಂಬರ್. ಕಾಲಿಗೆ ಆಗುತ್ತದಾ ಎಂದು ಹಾಕಿ ನೋಡು.