ಒಂದೇ ಒಲೆ, ಒಂದೇ ಅಡುಗೆ: ಬಿಡುವಿಲ್ಲದ ಮನೆಯಲ್ಲಿ ಸಕ್ಕರೆ ಕಾಯಿಲೆ



ಸಕ್ಕರೆ ಕಾಯಿಲೆ ಇದೆ ಎಂದು ಹೇಳಿದ ಕೂಡಲೇ ಕೇಳಿಬರುವ ಮೊದಲ ಪ್ರಶ್ನೆ, "ಇನ್ನು ಅನ್ನ ಬಿಡಬೇಕೇನ್ರೀ?" ಎಂಬುದು. ಎರಡನೆಯದನ್ನು ಜೊತೆಗೆ ಬಂದ ಸೊಸೆಯೋ ಮಗಳೋ ಮೆಲ್ಲಗೆ ಕೇಳುತ್ತಾರೆ: "ಅತ್ತೆಯವರಿಗೆ ಬೇರೆ ಅಡುಗೆ ಮಾಡಬೇಕೇನ್ರೀ ಡಾಕ್ಟ್ರೇ?" ಎರಡಕ್ಕೂ ಉತ್ತರ, ಬೇಡ. ಬೆಳಿಗ್ಗೆ ಐದಕ್ಕೆ ಎದ್ದು, ಮಕ್ಕಳನ್ನು ಶಾಲೆಗೆ ಕಳಿಸಿ, ಬುತ್ತಿ ಕಟ್ಟಿಕೊಂಡು ನಾಟಿಗೆ ಹೋಗುವ ತಾಯಿ ಎರಡು ಬಗೆಯ ಅಡುಗೆ ಮಾಡುವುದು ನಾಲ್ಕು ದಿನ ಮಾತ್ರ. ಐದನೆಯ ದಿನ ಎಲ್ಲವೂ ಮೊದಲಿನಂತೆ. ಆದ್ದರಿಂದ ಮನೆಮಂದಿಯೆಲ್ಲ ಉಣ್ಣುವ ಅದೇ ಅಡುಗೆಯಲ್ಲಿ ಏನು ಬದಲಾಗಬೇಕು ಎಂಬುದನ್ನಷ್ಟೇ ಇಲ್ಲಿ ಹೇಳಿದ್ದೇವೆ.

ಕಾಯಿಲೆ ಎಂದರೇನು?

ನಾವು ತಿಂದ ಅನ್ನ, ರೊಟ್ಟಿ ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಕಾಲುವೆಯ ನೀರು ಗದ್ದೆಗೆ ಇಳಿಯಬೇಕಾದರೆ ತೂಬು ತೆರೆಯಬೇಕಲ್ಲವೇ? ಹಾಗೆಯೇ ರಕ್ತದ ಸಕ್ಕರೆ ಮೈಯ ಜೀವಕೋಶಗಳಿಗೆ ಇಳಿಯಲು ಇನ್ಸುಲಿನ್ ಎಂಬ ರಸ ಬೇಕು. ಆ ರಸ ಕಡಿಮೆಯಾದರೆ, ಅಥವಾ ತೂಬು ತುಕ್ಕು ಹಿಡಿದಂತೆ ಅದಕ್ಕೆ ಬಗ್ಗದಿದ್ದರೆ, ಕಾಲುವೆ ತುಂಬಿ ಹರಿಯುತ್ತದೆ, ಗದ್ದೆ ಮಾತ್ರ ಒಣಗಿರುತ್ತದೆ. ರಕ್ತದಲ್ಲಿ ಸಕ್ಕರೆ ಇದ್ದೂ ರೋಗಿಗೆ ಸುಸ್ತಾಗುವುದು ಇದಕ್ಕೇ. ವರ್ಷಗಟ್ಟಲೆ ಹೀಗೇ ಇದ್ದರೆ ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರಗಳು ಸದ್ದಿಲ್ಲದೆ ಕೆಡುತ್ತವೆ. ನೋವಿಲ್ಲವೆಂದು ಸುಮ್ಮನಿರುವ ಕಾಯಿಲೆ ಇದಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಇದು ಶ್ರೀಮಂತರ ರೋಗವೆಂಬ ಮಾತು ಎಂದೋ ಸುಳ್ಳಾಗಿದೆ.

ನಮ್ಮ ತಾಟಿನಲ್ಲಿ ಏನಿದೆ?

ಹೊಸಪೇಟೆ, ಕಂಪ್ಲಿ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ಭತ್ತ, ಕಬ್ಬು, ಬಾಳೆ ಬೆಳೆಯುತ್ತ ಬಂದಿದ್ದೇವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಭತ್ತ ಇನ್ನಷ್ಟು ಹರಡಿತು. ಹಬ್ಬಕ್ಕೆ ಮಾತ್ರ ಅನ್ನ ಮಾಡುತ್ತಿದ್ದ ಮನೆಗಳಲ್ಲಿ ಈಗ ಮೂರು ಹೊತ್ತೂ ಅಕ್ಕಿಯೇ. ಬೆಳಿಗ್ಗೆ ಚಿತ್ರಾನ್ನ ಇಲ್ಲವೇ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಒಗ್ಗರಣಿ ಮಿರ್ಚಿ, ರಾತ್ರಿ ಮತ್ತೆ ಅನ್ನ. ಒಗ್ಗರಣಿಯ ಮಂಡಕ್ಕಿಯೂ ಅಕ್ಕಿಯೇ ಎಂಬುದನ್ನು ಮರೆಯಬೇಡಿ. ಹಗುರವಾಗಿದೆ ಎಂದು ದೊಡ್ಡ ತಟ್ಟೆ ತುಂಬ ತಿಂದರೆ ಸಕ್ಕರೆ ಬೇಗನೆ ಏರುತ್ತದೆ.

ಅನ್ನವನ್ನು ಬಿಡಬೇಕಿಲ್ಲ, ಜಾಗ ಬದಲಿಸಬೇಕು. ಊಟದ ತಾಟಿನ ಅರ್ಧ ಭಾಗ ಪಲ್ಯ, ಸೊಪ್ಪು, ಹಸಿ ತರಕಾರಿ ಇರಲಿ. ಕಾಲು ಭಾಗ ಬೇಳೆ ಕಾಳು. ಉಳಿದ ಕಾಲು ಭಾಗದಲ್ಲಿ ಅನ್ನ ಅಥವಾ ರೊಟ್ಟಿ. ಆಲೂಗಡ್ಡೆ ಪಲ್ಯ ತರಕಾರಿಯ ಲೆಕ್ಕಕ್ಕೆ ಬರುವುದಿಲ್ಲ, ಅದು ಅನ್ನದ ಲೆಕ್ಕ. ಊಟಕ್ಕೆ ಕುಳಿತಾಗ ಮೊದಲು ಪಲ್ಯ, ಕಾಳು ತಿಂದು ಆಮೇಲೆ ಅನ್ನಕ್ಕೆ ಬಂದರೆ ಸಕ್ಕರೆ ಏರುವ ವೇಗ ತಗ್ಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಮ್ಮ ಹಿರಿಯರು ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ, ಸೌತೆಕಾಯಿ, ಉಳ್ಳಾಗಡ್ಡಿ ಇಟ್ಟುಕೊಂಡು ಉಣ್ಣುತ್ತಿದ್ದುದು ಇದೇ ಊಟ. ಪುಂಡಿ ಪಲ್ಯ, ಮಡಿಕೆ ಕಾಳು, ಹೆಸರು ಕಾಳು, ಮಜ್ಜಿಗೆ ಎಲ್ಲವೂ ನಡೆಯುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಕಾಳು ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಿಕೊಳ್ಳಬೇಕು.

ಜೋಳದ ರೊಟ್ಟಿ ಒಳ್ಳೆಯದೇ. ಪಾಲಿಶ್ ಮಾಡಿದ ಅಕ್ಕಿಗಿಂತ ಅದರಲ್ಲಿ ನಾರು ಹೆಚ್ಚು. ಆದರೆ ಜೋಳದಲ್ಲಿ ಸಕ್ಕರೆಯೇ ಇಲ್ಲವೆಂದು ತಿಳಿದು ಐದಾರು ರೊಟ್ಟಿ ತಿಂದು, ಮೇಲೆ ಅನ್ನವನ್ನೂ ಉಣ್ಣುವವರಿದ್ದಾರೆ. ಅಂಥವರ ರಿಪೋರ್ಟ್ ನೋಡಿದರೆ ಅನ್ನ ತಿನ್ನುವವರಿಗಿಂತ ಭಿನ್ನವೇನೂ ಇರುವುದಿಲ್ಲ. ರಾಗಿ ಗಂಜಿಯದೂ ಅದೇ ಕಥೆ. ನುಣ್ಣಗೆ ಬೀಸಿ, ಬೇಯಿಸಿ, ಗಂಜಿ ಮಾಡಿ ಕುಡಿದರೆ ಅದು ಬೇಗ ರಕ್ತ ಸೇರುತ್ತದೆ.

ಬೆಲ್ಲದ ವಿಷಯ ಹೇಳಲೇಬೇಕು. "ಸಕ್ಕರೆ ಬಿಟ್ಟು ಬೆಲ್ಲ ಹಾಕ್ಕೊಂತೀನ್ರೀ" ಎಂದು ಹೆಮ್ಮೆಯಿಂದ ಹೇಳುವವರು ಕಬ್ಬು ಬೆಳೆಯುವ ನಮ್ಮ ಭಾಗದಲ್ಲಿ ಬಹಳ. ಬೆಲ್ಲದ ಬಹುಪಾಲು ಸಕ್ಕರೆಯೇ. ಜೇನುತುಪ್ಪವೂ ಇದಕ್ಕೆ ಹೊರತಲ್ಲ. ಚಹಾದ ಲೆಕ್ಕ ಹಾಕಿ ನೋಡಿ: ಒಂದು ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ಐದು ಕಪ್ಪಾದರೆ ಹತ್ತು ಚಮಚ, ಅಂದರೆ 50 ಗ್ರಾಂ ಸಕ್ಕರೆ. ತಿಂಗಳಿಗೆ ಒಂದೂವರೆ ಕಿಲೋ! ಇದೊಂದನ್ನು ಬಿಟ್ಟರೇ ಎಷ್ಟೋ ಮಂದಿಗೆ ಗುಣ ಕಾಣುತ್ತದೆ. ಬಾಳೆಹಣ್ಣು ಇಷ್ಟವಾದರೆ ಸಣ್ಣದು ಅರ್ಧ, ಊಟದ ಮೇಲೆ ಅಲ್ಲ, ಬೇರೆ ಹೊತ್ತಿನಲ್ಲಿ. ಸೀಬೆ, ನೇರಳೆ ಇನ್ನೂ ವಾಸಿ. ಯಾವ ಹಣ್ಣನ್ನೂ ರಸ ಮಾಡಬೇಡಿ.

ಪೂಜೆ, ಮಾತ್ರೆ, ಪ್ರಸಾದ

ನಮ್ಮಲ್ಲಿ ಅನೇಕರು ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ಅದು ಸರಿಯೇ. ತೊಂದರೆ ಬರುವುದು ಹೀಗೆ: ಎದ್ದ ಕೂಡಲೇ ಮಾತ್ರೆ ನುಂಗುತ್ತಾರೆ ಅಥವಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಆಮೇಲೆ ಸ್ನಾನ, ಪೂಜೆ. ಅಷ್ಟರಲ್ಲಿ ಯಾರೋ ಬಂದು ಮಾತಿಗೆ ಕೂರುತ್ತಾರೆ. ತಿಂಡಿ ಒಂದೂವರೆ ಗಂಟೆ ತಡವಾಗುತ್ತದೆ. ಇತ್ತ ಔಷಧ ತನ್ನ ಕೆಲಸ ಶುರು ಮಾಡಿರುತ್ತದೆ, ಸಕ್ಕರೆ ಇಳಿಯುತ್ತದೆ. ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲೆ, ಗಲಿಬಿಲಿ. ಪೂಜೆಗೆ ಕುಳಿತಲ್ಲೇ ವಾಲಿದವರನ್ನು "ದೇವರ ಧ್ಯಾನದಲ್ಲಿದ್ದಾರೆ" ಎಂದು ಮನೆಯವರು ಹಾಗೆಯೇ ಬಿಡಬಾರದು. ದಾರಿ ಸರಳ: ಮೊದಲು ಪೂಜೆ ಮುಗಿಸಿ, ತಿಂಡಿ ಸಿದ್ಧವಾಗಿದೆ ಎಂದು ಒಳಗಿನಿಂದ ಕೂಗು ಬಂದ ಮೇಲೆ ಮಾತ್ರೆ.

ಸೋಮವಾರದ ಒಪ್ಪತ್ತು, ಶಿವರಾತ್ರಿಯ ಉಪವಾಸ, ಶ್ರಾವಣದ ನೇಮ ಇರುವವರು ಒಂದು ವಾರ ಮುಂಚೆಯೇ ಬಂದು ಕೇಳಿ. ಕೆಲವು ಮಾತ್ರೆಗಳನ್ನು ಆ ದಿನ ಕಡಿಮೆ ಮಾಡಬೇಕಾಗುತ್ತದೆ. ನೀವೇ ನಿಲ್ಲಿಸಬೇಡಿ, ಹಾಗೆಂದು ಎಂದಿನಂತೆ ನುಂಗಿ ಉಪವಾಸವನ್ನೂ ಮಾಡಬೇಡಿ. ಇನ್ಸುಲಿನ್ ಪಡೆಯುವವರು, ಬಸುರಿಯರು ಉಪವಾಸ ಮಾಡದಿರುವುದೇ ಕ್ಷೇಮ. ಉಪವಾಸದ ಹೆಸರಿನಲ್ಲಿ ಸಾಬೂದಾನಿ, ಹಾಲು, ಬಾಳೆಹಣ್ಣು ಹೊಟ್ಟೆ ತುಂಬ ಸೇವಿಸಿದರೆ ಅದು ಉಪವಾಸವೂ ಅಲ್ಲ, ಪಥ್ಯವೂ ಅಲ್ಲ.

ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸುವಾಗ ಏನು ಮಾಡಬೇಕು? ಪ್ರಸಾದವನ್ನು ಬೇಡವೆನ್ನಲು ಮನಸ್ಸು ಬರುವುದಿಲ್ಲ, ತಾಟಿಗೆ ಬಿದ್ದದ್ದನ್ನು ಬಿಡುವಂತಿಲ್ಲ. ಹಾಗಾಗಿ ಬಡಿಸುವವರಿಗೆ ಮೊದಲೇ ಹೇಳಿ: "ಅಣ್ಣಾ, ಒಂದು ಚಮಚ ಸಾಕು, ಸಕ್ಕರೆ ಕಾಯಿಲೆ ಐತಿ." ಒಂದು ಚಮಚವೂ ಪ್ರಸಾದವೇ. ಆ ಹೊತ್ತು ಅನ್ನವನ್ನು ಅಷ್ಟು ಕಡಿಮೆ ಹಾಕಿಸಿಕೊಳ್ಳಿ. ಬಡಿಸುವ ಸೇವೆಯಲ್ಲಿರುವವರಿಗೂ ವಿನಂತಿ: ಪ್ರೀತಿಯಿಂದಲೇ ಆದರೂ ಒತ್ತಾಯ ಮಾಡಬೇಡಿ.

ನಡಿಗೆಗೆ ಹೊತ್ತೆಲ್ಲಿ?

"ದಿನವೆಲ್ಲ ದುಡಿತೀವಿ, ಮತ್ತೆ ವ್ಯಾಯಾಮ ಯಾಕ್ರೀ?" ನಾಟಿ, ಕಳೆ, ಕಬ್ಬು ಕಡಿಯುವ ದಿನಗಳಲ್ಲಿ ನಿಜವಾಗಿಯೂ ಬೇರೆ ವ್ಯಾಯಾಮ ಬೇಡ. ಆದರೆ ಆ ಕೆಲಸ ವರ್ಷವಿಡೀ ಇರುವುದಿಲ್ಲ. ಸಂಡೂರಿನ ಅದಿರು ಲಾರಿ ಓಡಿಸುವವರು, ಅಂಗಡಿಯ ಗಲ್ಲಾದಲ್ಲಿ ಕೂರುವವರು, ಕಸೂತಿ ಹಾಕುವ ಲಂಬಾಣಿ ತಾಯಂದಿರು ದಣಿಯುತ್ತಾರೆ, ಆದರೆ ಕಾಲು ಆಡುವುದಿಲ್ಲ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ಬೇಕೆಂಬುದು ವೈದ್ಯರು ಒಪ್ಪಿದ ಲೆಕ್ಕ. ಅರ್ಧ ಗಂಟೆ ಒಟ್ಟಿಗೆ ಸಿಗದಿದ್ದರೆ ಮೂರು ಊಟದ ನಂತರ ಹತ್ತು ಹತ್ತು ನಿಮಿಷ ನಡೆಯಿರಿ. ಊಟವಾದ ಮೇಲಿನ ನಡಿಗೆ ಆಗ ಏರುವ ಸಕ್ಕರೆಯನ್ನೇ ಹಿಡಿಯುತ್ತದೆ. ಲಾರಿ ಲೋಡ್ ಆಗುವವರೆಗೆ ಕ್ಯಾಬಿನ್‌ನಲ್ಲಿ ಮಲಗುವ ಬದಲು ಇಳಿದು ನಡೆಯಬಹುದು. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ ಏಳರ ಒಳಗೆ, ಸಂಜೆ ಬಿಸಿಲು ಇಳಿದ ಮೇಲೆ ಮಾತ್ರ. ಎದೆನೋವು, ಏದುಸಿರು ಇದ್ದವರು ಮೊದಲು ತೋರಿಸಿಕೊಳ್ಳಬೇಕು.

ಮಾತ್ರೆ ತೆಗೆದುಕೊಳ್ಳುವ ಚಾಲಕರ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲೇಬೇಕು. ನಡುಕ, ಬೆವರು ಬಂದರೆ ಗಾಡಿ ಬದಿಗೆ ಹಾಕಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ. ಸರಿಯಾದ ಮೇಲೆ ಊಟ ಮಾಡಿಯೇ ಗಾಡಿ ಹತ್ತಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ.

ಬರಿಗಾಲು

ಕೊಟ್ಟೂರು ತೇರಿಗೆ, ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಭಕ್ತರು ನಮ್ಮ ಭಾಗದಲ್ಲಿ ಬಹಳ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದ ಸ್ಪರ್ಶ ಮಂಕಾಗಿರುತ್ತದೆ. ಡಾಂಬರು ಸುಟ್ಟರೂ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗುಳ್ಳೆ ಒಡೆದು ಹುಣ್ಣಾಗಿ, ಕೀವು ತುಂಬಿ, ಕೊನೆಗೆ ಬೆರಳು ಅಥವಾ ಕಾಲನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಅಂಥವರು ಬರಿಗಾಲಿನ ಹರಕೆ ಹೊರಬಾರದು. ಹೊತ್ತಿದ್ದರೆ ಗುರುಗಳ ಬಳಿ ಹೇಳಿಕೊಂಡು ಬೇರೆ ಸೇವೆಗೆ ಬದಲಿಸಿಕೊಳ್ಳಿ. ಹಂಪಿಯ ವಿರೂಪಾಕ್ಷನ ಗುಡಿಯಂಥ ಕಲ್ಲುಹಾಸಿನ ಅಂಗಳಕ್ಕೆ ಹೋಗುವಾಗ ಚಪ್ಪಲಿ ಬಿಡಲೇಬೇಕು. ಮಧ್ಯಾಹ್ನ ಬೇಡ, ಕಲ್ಲು ತಂಪಾಗಿರುವ ಬೆಳಿಗ್ಗೆ ಹೋಗಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ.

ರಾತ್ರಿ ಮಲಗುವ ಮುನ್ನ ಕಾಲು ತೊಳೆದು, ಒರೆಸಿ, ಬೆರಳ ಸಂದುಗಳನ್ನು ನೋಡಬೇಕು. ವಯಸ್ಸಾದವರಿಗೆ ಬಗ್ಗಲಾಗದು, ಕಣ್ಣೂ ಕಾಣದು. ಈ ಕೆಲಸವನ್ನು ಮೊಮ್ಮಕ್ಕಳಿಗೆ ಕೊಡಿ. ಅಜ್ಜಿಯ ಪಾದದಲ್ಲಿ ಗಾಯ ಹುಡುಕುವ ಕೆಲಸವನ್ನು ಅವರು ಮರೆಯುವುದಿಲ್ಲ.

ಮುಂದಿನ ಸಲ ಬರುವಾಗ

ಹಾಗಲಕಾಯಿ ರಸ, ಕಷಾಯ, ಪುಡಿ ಏನೇ ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡದೆ ಹೇಳಿ, ನಾವು ಬೈಯುವುದಿಲ್ಲ. ಆದರೆ ಅದನ್ನು ನಂಬಿ ಮಾತ್ರೆ, ಇನ್ಸುಲಿನ್ ಬಿಡಬೇಡಿ. ಹೆಚ್ಚಿನವರಿಗೆ ಖಾಲಿ ಹೊಟ್ಟೆಯ ಸಕ್ಕರೆ 80ರಿಂದ 130, ಊಟವಾದ ಎರಡು ಗಂಟೆಗೆ 180ರ ಒಳಗೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7ರ ಒಳಗೆ ಇದ್ದರೆ ಸರಿ. ವಯಸ್ಸಾದವರಿಗೆ ಸ್ವಲ್ಪ ಸಡಿಲ. ವರ್ಷಕ್ಕೊಮ್ಮೆ ಕಣ್ಣು, ಮೂತ್ರ, ಪಾದದ ಪರೀಕ್ಷೆ ಆಗಬೇಕು. ಹಳೆಯ ಚೀಟಿಗಳನ್ನು, ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳನ್ನು ತನ್ನಿ. ಸಾಧ್ಯವಾದರೆ ಮನೆಯಲ್ಲಿ ಅಡುಗೆ ಮಾಡುವವರನ್ನೂ ಜೊತೆಗೆ ಕರೆತನ್ನಿ. ಪಾದದಲ್ಲಿ ಗಾಯ, ಕೀವು ಅಥವಾ ಕಪ್ಪು ಬಣ್ಣ ಕಂಡರೆ ತಾರೀಖಿಗೆ ಕಾಯದೆ ಅಂದೇ ಬನ್ನಿ.