ಪದಾರ್ಥಪಟ್ಟಿಯೂ ಅರ್ಥಜ್ಞಾನವೂ

ಗಣಕಯಂತ್ರಶಾಸ್ತ್ರದಲ್ಲಿ ‘ಆಂಟಾಲಜಿ’ ಎಂಬುದೊಂದುಂಟು. ಒಂದು ವಿಷಯಕ್ಕೆ ಸೇರಿದ ಪದಾರ್ಥಗಳಾವುವು, ಅವುಗಳ ಪರಸ್ಪರ ಸಂಬಂಧವೇನು ಎಂಬುದನ್ನು ಯಂತ್ರವು ನಡೆಸಬಲ್ಲ ನಿಯಮಗಳ ರೂಪದಲ್ಲಿ ಬರೆದಿಡುವ ಕ್ರಮವದು. ದ್ರವ್ಯ, ಗುಣ, ಕರ್ಮ ಮೊದಲಾಗಿ ಹತ್ತು ಪದಾರ್ಥಗಳನ್ನು ಎಣಿಸಿ ಕಲಿತ ನಮಗೆ ಇದೇನೂ ಅಪರಿಚಿತವಲ್ಲ. ಇಂತಹ ವ್ಯವಸ್ಥೆಯು ಮನುಷ್ಯರ ಪೂರ್ವಜ್ಞಾನವಿಲ್ಲದೆ ತಾನೇ ಅರ್ಥವನ್ನು ಉಂಟುಮಾಡಬಲ್ಲುದೆ ಎಂಬುದು ವಿಚಾರ.

‘ಜೀನ್ ಆಂಟಾಲಜಿ’ಯನ್ನು ನೋಡೋಣ. ಯೀಸ್ಟ್, ಹಣ್ಣಿನ ನೊಣ, ಇಲಿ ಇವುಗಳ ವಂಶವಾಹಿಗಳನ್ನು ಅಭ್ಯಸಿಸುತ್ತಿದ್ದ ವಿದ್ವಾಂಸರು 1998ರಲ್ಲಿ ಕೂಡಿ ಇದನ್ನು ಆರಂಭಿಸಿದರು. ಒಂದೇ ಕಾರ್ಯಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಡುತ್ತಿದ್ದುದರಿಂದ ಸಮಾನ ಪರಿಭಾಷೆ ಬೇಕಾಗಿತ್ತು. ನಮ್ಮ ಮನಸ್ಸನ್ನು ಸೆಳೆದುದು ಬೇರೆ ಸಂಗತಿ. ‘ಈ ವಂಶವಾಹಿಯ ಕಾರ್ಯ ಇಂತಹುದು’ ಎಂದು ಬರೆಯುವಾಗ ಅದಕ್ಕೆ ಆಧಾರವೇನೆಂಬ ಸಂಕೇತವನ್ನೂ ಜೊತೆಗೆ ಬರೆಯಬೇಕು. ಪ್ರಯೋಗದಲ್ಲಿ ನೇರವಾಗಿ ಕಂಡುದಕ್ಕೆ ಒಂದು ಸಂಕೇತ, ಮತ್ತೊಂದರ ಸಾದೃಶ್ಯದಿಂದ ಊಹಿಸಿದುದಕ್ಕೆ ಇನ್ನೊಂದು, ಒಂದೊಂದಾಗಿ ಯಾರೂ ಪರಿಶೀಲಿಸದೆ ಯಂತ್ರವೇ ಸೇರಿಸಿದುದಕ್ಕೆ ಮಗುದೊಂದು, ಹೀಗೆ ಹಲವು. ಪ್ರಮಾಣವಿಲ್ಲದೆ ಪ್ರಮೇಯಸಿದ್ಧಿಯಿಲ್ಲವೆಂಬುದನ್ನು ಅವರೂ ಒಪ್ಪಿದಂತಾಯಿತು!

ಯಾರೂ ಬರೆಯದ ಫಲಿತಾಂಶವನ್ನೂ ಯಂತ್ರವು ಹೊರಡಿಸುತ್ತದಲ್ಲವೆ ಎಂದರೆ, ಹೊರಡಿಸುತ್ತದೆ. ಆದರೆ ಅಲ್ಲಿಯ ಹೇತುವೂ ವ್ಯಾಪ್ತಿಯೂ ಕಂಡವರು ಕೊಟ್ಟವು. ಆ ವ್ಯವಸ್ಥೆಯಲ್ಲಿ ಪ್ರತಿ ಪದಕ್ಕೂ ಏಳಂಕಿಯ ಗುರುತುಸಂಖ್ಯೆಯಿದೆ. ಹೆಸರುಗಳನ್ನೆಲ್ಲ ಅಳಿಸಿ ಸಂಖ್ಯೆಗಳನ್ನಷ್ಟೇ ಉಳಿಸಿದರೂ ಯಂತ್ರದ ತರ್ಕ ಕುಂದದೆ ನಡೆಯುವುದು. ಓದುವವನಿಗೆ ಮಾತ್ರ ಏನೊಂದೂ ತಿಳಿಯದು.

ಇಲ್ಲಿ ನಮ್ಮವರಿಗೇ ಒಂದು ಶಂಕೆ ಹುಟ್ಟಬಹುದು. ವೇದವು ಅಪೌರುಷೇಯ, ಶಬ್ದಾರ್ಥಸಂಬಂಧವು ಸ್ವಾಭಾವಿಕ ಎನ್ನುವ ನಾವು, ಮನುಷ್ಯಜ್ಞಾನವಿಲ್ಲದೆ ಅರ್ಥವಿಲ್ಲವೆಂದರೆ ಸಿದ್ಧಾಂತಹಾನಿಯಾಗದೆ? ಆಗದು. ಸಂಬಂಧವು ಇರುವುದು ಬೇರೆ, ಅದು ತಿಳಿಯುವುದು ಬೇರೆ. ಸಂಬಂಧವನ್ನು ಮನುಷ್ಯನು ಮಾಡಲಿಲ್ಲ. ಆದರೆ ಶಕ್ತಿಗ್ರಹವು ಚೇತನನಿಗೇ ಆಗಬೇಕು. ತೊಡೆಯ ಮೇಲಿನ ಮಗುವಿಗೆ ತಾಯಿಯು ಬೆರಳಿನಿಂದ ತೋರಿಸಿ ತಂದೆ ಯಾರು, ಬಾಳೆಯ ಹಣ್ಣು ಯಾವುದು ಎಂದು ಹೇಳಿಕೊಡುವಳು. ಮಗುವು ವಸ್ತುವನ್ನೂ ಕಾಣುವುದು, ಶಬ್ದವನ್ನೂ ಕೇಳುವುದು. ಎರಡನ್ನೂ ಅದರ ಸಾಕ್ಷಿಯು ಕೂಡಿಸಿ ಅರಿಯುವುದು. ಪಟ್ಟಿಯಲ್ಲಿ ಶಬ್ದದಿಂದ ಶಬ್ದಕ್ಕೆ ದಾರಿಯುಂಟೇ ಹೊರತು ಹಣ್ಣಿಗೆ ದಾರಿಯಿಲ್ಲ.

ಕ್ಯಾಮೆರಾ ಜೋಡಿಸಿದ ಯಂತ್ರಗಳು ಚಿತ್ರಕ್ಕೂ ಹೆಸರಿಗೂ ನಂಟು ಹಾಕುತ್ತವೆಂಬುದು ನಿಜ. ಆ ಹೆಸರುಗಳೂ ಬಹುಮಟ್ಟಿಗೆ ಮನುಷ್ಯರು ಬರೆದವೇ. ಆದರೂ ಆ ಪೂರ್ವಪಕ್ಷವು ಇದಕ್ಕಿಂತ ಬಲವಾದುದು. ಅದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸುವೆವು.